ನಳಿಗೆಯ ಅಳತೆ, ಸರಕಾರದ ಲೆಕ್ಕ

1857ರಲ್ಲಿ ಇಂಗ್ಲೆಂಡಿನ ಹೈಥ್‌ನಲ್ಲಿ ಎರಡು ಬಂದೂಕುಗಳ ಪರೀಕ್ಷೆ ನಡೆಯಿತು. ಅದೇ ವರ್ಷದ ಕೊನೆಗೆ ಮುಧೋಳ ಸೀಮೆಯ ಹಲಗಲಿ ಹೊತ್ತಿ ಉರಿಯಿತು. ಒಂದಕ್ಕೊಂದು ನೇರ ಸಂಬಂಧವಿಲ್ಲ, ನಿಜ. ಆದರೆ ದೂರದ ಗುರಿಗೆ ಯಾವ ಅಳತೆಯ ನಳಿಗೆ ಬೇಕು ಎಂಬ ಪ್ರಶ್ನೆಯ ಚರಿತ್ರೆಯನ್ನು ಬಾಗಲಕೋಟೆ ಕಡೆಯಿಂದ ನೋಡಿದರೆ ಎರಡನ್ನೂ ಬಿಡಲಾಗದು.

ಹೈಥ್‌ನಲ್ಲಿ ಸೆಣಸಿದ್ದು ಸೇನೆಯ .577 ಅಂಗುಲದ ಎನ್‌ಫೀಲ್ಡ್ ಮತ್ತು ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಮಾಡಿದ .451ರ ಬಂದೂಕು. ವಿಟ್‌ವರ್ತ್‌ನ ನಳಿಗೆಯ ಒಳಗೆ ಆರು ಮುಖ. ಗುಂಡು ಸಣಕಲು, ಉದ್ದ. 500 ಗಜ ದೂರದಲ್ಲಿ ಎನ್‌ಫೀಲ್ಡ್‌ನ ಗುಂಡುಗಳು ಸರಾಸರಿ 27 ಅಂಗುಲದಷ್ಟು ಚದುರಿದರೆ, ವಿಟ್‌ವರ್ತ್‌ನವು ನಾಲ್ಕೂವರೆ ಅಂಗುಲದೊಳಗೇ ಬಿದ್ದವು. ತೂಕ ಅಷ್ಟೇ ಇದ್ದು ಅಡ್ಡಳತೆ ಕಡಿಮೆಯಾದರೆ ಗುಂಡಿಗೆ ಗಾಳಿಯ ತಡೆ ಕಡಿಮೆ, ಅಡ್ಡಗಾಳಿಗೆ ಅದು ಸರಿಯುವುದೂ ಕಡಿಮೆ. ಆದರೂ ಸೇನೆ ಅದನ್ನು ಒಪ್ಪಲಿಲ್ಲ: ಬೆಲೆ ಹೆಚ್ಚು, ಕಿರಿದಾದ ನಳಿಗೆಯಲ್ಲಿ ಮದ್ದಿನ ಕಿಟ್ಟ ಬೇಗ ಕಟ್ಟುತ್ತದೆ. ಸ್ಪರ್ಧೆಯವರು ಮಾತ್ರ ಕೈಬಿಡಲಿಲ್ಲ. 1860ರ ಜುಲೈ 2ರಂದು ವಿಂಬಲ್ಡನ್‌ನಲ್ಲಿ ಮೊದಲ ರಾಷ್ಟ್ರೀಯ ರೈಫಲ್ ಕೂಟ ಶುರುವಾದಾಗ, ಚೌಕಟ್ಟಿಗೆ ಬಿಗಿದಿಟ್ಟ ವಿಟ್‌ವರ್ತ್ ಬಂದೂಕಿನ ಕುದುರೆಗೆ ಕಟ್ಟಿದ್ದ ರೇಷ್ಮೆ ದಾರವನ್ನು ವಿಕ್ಟೋರಿಯಾ ರಾಣಿ ಎಳೆದಳು. 400 ಗಜದಾಚೆಯ ಗುರಿಯ ನಡುಬಿಂದುವಿನ ಪಕ್ಕದಲ್ಲೇ ಗುಂಡು ನಾಟಿತು. ಬಂದೂಕು ಅಲುಗದಂತೆ ಕಟ್ಟಿಟ್ಟ ಮೇಲೆ ರಾಣಿಯ ಗುರಿ ತಪ್ಪುವುದಾದರೂ ಹೇಗೆ!

ಹಲಗಲಿಯ ಬೇಡರಿಗೆ ಇಂಥ ಆಯ್ಕೆಯೇ ಇರಲಿಲ್ಲ. 1857ರ 28ನೇ ಕಾಯ್ದೆಯಂತೆ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕಾಯಿತು. ಬೇಟೆ, ಕಾವಲು ಇವೇ ಬದುಕಾಗಿದ್ದವರಿಗೆ ಹತಾರ ಒಪ್ಪಿಸುವುದೆಂದರೆ ಕಸುಬನ್ನೇ ಒಪ್ಪಿಸಿದಂತೆ. ಜಡಗ, ಬಾಲ, ಹನುಮ, ರಾಮ ಮುಂದಾಳುಗಳಾಗಿ ನಿಂತರು. ನವೆಂಬರ್ ಕೊನೆಗೆ ಇಂಗ್ಲಿಷ್ ದಂಡು ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸುಮಾರು ನೂರು ಮಂದಿ ಸತ್ತರು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಕಾಳಗದ ಲಾವಣಿ ಹತ್ತನೆಯ ತರಗತಿಯ ಪಠ್ಯಕ್ಕೂ ಬಂದಿದೆ. ಮಕ್ಕಳು ಪದ್ಯ ಬಾಯಿಪಾಠ ಮಾಡುತ್ತಾರೆ. ಪದ್ಯದ ಹಿಂದಿನ ಕಾಯ್ದೆಯನ್ನು ಪಾಠ ಮಾಡುವವರು ಕಡಿಮೆ.

ಅಲ್ಲಿಂದ ಮುಂದೆ ಈ ನಾಡಿನಲ್ಲಿ ನಳಿಗೆಯ ಅಳತೆ ಗುರಿಕಾರನ ಕಣ್ಣಿಗಿಂತ ಸರಕಾರದ ಭಯಕ್ಕೆ ಹೆಚ್ಚು ತಲೆಬಾಗಿತು. ಬಂಗಾಳದಲ್ಲಿ ಗದ್ದಲ ಎದ್ದಿದ್ದ ಕಾಲ, 1907ರ ಸುಮಾರಿಗೆ, .450 ಅಳತೆಯ ಬಂದೂಕುಗಳನ್ನು ಭಾರತಕ್ಕೆ ತರುವುದು ನಿಷೇಧವಾಯಿತು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಅದೇ ಅಳತೆಯವು. ಸಾಹೇಬರ ಬೇಟೆಯ ಗುಂಡು ದಂಗೆಕೋರರ ಕೈಸೇರೀತೆಂಬ ಅಂಜಿಕೆ. ಲಂಡನ್ನಿನ ಬಂದೂಕು ತಯಾರಕರು .465, .470 ಎಂದು ಹೊಸ ಅಳತೆ ಕಂಡುಕೊಂಡರು, ಸಾಹೇಬರ ಆನೆ ಬೇಟೆ ನಿಲ್ಲಲಿಲ್ಲ.

ಸೇನೆಯ .303 ತೋಟಾಕ್ಕೂ ಇದೇ ಗತಿ. ಇಂಗ್ಲೆಂಡಿನ ಬಿಸ್ಲಿ ಮೈದಾನದಲ್ಲಿ 1000 ಗಜದವರೆಗಿನ ಸ್ಪರ್ಧೆಗಳನ್ನು ದಶಕಗಳ ಕಾಲ ಆಳಿದ್ದು ಆ .303, ಅದರ ಬಳಿಕ 7.62. ಇಲ್ಲಿ ಅವೆರಡೂ ಜನಸಾಮಾನ್ಯರಿಗೆ ನಿಷಿದ್ಧ. ಜನರಿಗೆ ಸಿಕ್ಕಿದ್ದು .315: ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನದೇ ಮೈಕಟ್ಟು, ಆದರೆ ಸೇನೆಯ ತೋಟಾ ಅದರಲ್ಲಿ ಕೂರದು. ಮೊದಲು ಬರ್ಮಿಂಗ್‌ಹ್ಯಾಮಿನಿಂದ, ಆಮೇಲೆ ಬಂಗಾಳದ ಇಶಾಪುರ ಕಾರ್ಖಾನೆಯಿಂದ ಅದು ಬಂತು. ಸರಕಾರದ ಆ ಹಳೆಯ ಭಯ ಪೂರ್ತಿ ಹೋಗಿಲ್ಲ: ಚುನಾವಣೆ ಘೋಷಣೆಯಾದರೆ ಪರವಾನಗಿಯ ಬಂದೂಕುಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುವ ರೂಢಿ ಇಂದಿಗೂ ಇದೆ.

ಕಾಲೇಜುಗಳೇ ತುಂಬಿದ ಬಾಗಲಕೋಟೆಯ ವಿದ್ಯಾಗಿರಿಯಂಥ ಕಡೆ ಇಂದು ಹುಡುಗ ಹುಡುಗಿಯರಿಗೆ ರೈಫಲ್ ಮುಟ್ಟುವ ಸುಲಭದ ದಾರಿ ಎನ್‌ಸಿಸಿ. ಅಲ್ಲಿ ಕೈಗೆ ಬರುವುದು .22. ಅದರ ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ, .303ರ ಗುಂಡಿನ ಕಾಲುಭಾಗಕ್ಕಿಂತ ಕಡಿಮೆ. ಸಾವಿರ ಗಜಕ್ಕೆ ಅದು ನಿಲ್ಲದು, ಸಣ್ಣ ಗಾಳಿಗೂ ಪಕ್ಕಕ್ಕೆ ಸರಿಯುತ್ತದೆ. ಹಾಗಂತ ಹಗುರವಾಗಿ ಕಾಣುವಂತಿಲ್ಲ: ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದು ಇದೇ ಅಳತೆಯಲ್ಲಿ. ಗಡಿಯಾಚೆಯ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು .22 ಹಿಡಿದೇ. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಕಂಚು ತಂದದ್ದೂ ಅದರಲ್ಲೇ.