ಊಳಿಗದೊಳಗಣ ಸಾಹಸ: ಡೆಪ್ಯುಟಿ ಚನ್ನಬಸಪ್ಪನವರೂ ಮುಂಬಯಿ ಇಲಾಖೆಯ ಕನ್ನಡ ಶಾಲೆಗಳೂ

ಸಂಸ್ಥೆಯ ಏಳ್ಗೆಯು ಅದರ ಒಡೆಯರಿಂದಲೇ ಆಗುವದೆಂದು ಲೋಕವು ಭಾವಿಸುವದು ವಾಡಿಕೆ. ರಾಜ್ಯದ ಚರಿತ್ರೆಯಲ್ಲಿ ಅರಸರ ಹೆಸರೂ, ಸರಕಾರದ ಖಾತೆಗಳ ಚರಿತ್ರೆಯಲ್ಲಿ ಮೇಲಧಿಕಾರಿಗಳ ಹೆಸರೂ ನಿಲ್ಲುತ್ತವೆ. ಪಗಾರಕ್ಕೆ ದುಡಿಯುವವನು ಹೇಳಿದಷ್ಟನ್ನು ಮಾಡಿ ಮುಗಿಸುವವನೆಂದೇ ಎಣಿಕೆ. ಆದರೆ ಯಾರೂ ಹೇಳದಿದ್ದ ಕಾರ್ಯವನ್ನು ತಾನೇ ಕಂಡುಕೊಂಡು, ಅದರ ಹೊರೆಯನ್ನು ತಾನೇ ಹೊತ್ತು, ತಾನು ಸೇರಿದ ಖಾತೆಯನ್ನೇ ಹೊಸ ದಾರಿಗೆ ಹಚ್ಚಿದ ನೌಕರರೂ ಉಂಟು. ವರ್ತಕನು ತನ್ನ ಗಂಟನ್ನು ಪಣವಾಗಿಟ್ಟು ಹೊಸ ಪೇಟೆಗೆ ಹೋಗುವಂತೆ, ಇಂಥವರು ತಮ್ಮ ಮಾನವನ್ನೂ ಹುದ್ದೆಯನ್ನೂ ಪಣವಾಗಿಡುವರು. ಲಾಭವು ಮಾತ್ರ ಅವರದಲ್ಲ. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಅಂಥವರಲ್ಲಿ ಅಗ್ರಗಣ್ಯರು.

ಅವರ ಕಾರ್ಯದ ಬೆಲೆಯು ತಿಳಿಯಬೇಕಾದರೆ ಆ ಕಾಲದ ಸ್ಥಿತಿಯನ್ನು ಮೊದಲು ನೋಡಬೇಕು. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿತು; ಕನ್ನಡ ನಾಡಿನ ಈ ಭಾಗವು ಮುಂಬಯಿ ಇಲಾಖೆಗೆ ಸೇರಿತು. ದೊರೆತನವು ಬದಲಾದರೂ ದಫ್ತರದ ಭಾಷೆಯು ಬಹುಕಾಲ ಬದಲಾಗಲಿಲ್ಲ. ಲೆಕ್ಕಪತ್ರಗಳು ಮರಾಠಿಯಲ್ಲಿ, ಬರವಣಿಗೆಯು ಮೋಡಿಯಲ್ಲಿ. ಸರಕಾರಿ ಶಾಲೆಗಳಲ್ಲಿಯೂ ಹಲವೆಡೆ ಇದೇ ರೀತಿ. ಇದನ್ನು ಯಾರದೋ ಕುತಂತ್ರವೆಂದು ಹಳಿಯುವವರಿದ್ದಾರೆ. ಅದು ಪೂರ್ಣ ಸತ್ಯವಲ್ಲ. 1820ರ ನಂತರ ಮುಂಬಯಿಯಲ್ಲಿ ಪಾಠದ ಪುಸ್ತಕಗಳನ್ನು ಸಿದ್ಧಪಡಿಸುವ ಯತ್ನವು ನಡೆದಾಗ ಅವು ಮುಖ್ಯವಾಗಿ ಮರಾಠಿ, ಗುಜರಾತಿ ಭಾಷೆಗಳಲ್ಲಿ ಹೊರಟವು. ಪುಸ್ತಕವಿದ್ದ ಭಾಷೆಗೆ ಪಂತೋಜಿಯು ದೊರೆತನು. ಪಂತೋಜಿಯು ದೊರೆತ ಭಾಷೆಗೆ ಶಾಲೆಯು ದೊರೆಯಿತು. ಮನೆಯಲ್ಲಿ ಕನ್ನಡವಾಡುವ ಕುಲೀನರೇ ಮಕ್ಕಳಿಗೆ ಮರಾಠಿಯನ್ನು ಕಲಿಸುವದು ಪ್ರತಿಷ್ಠೆಯೆಂದು ಬಗೆದಿದ್ದರೆಂಬದನ್ನೂ ಮರೆಯಲಾಗದು. ಒಕ್ಕಲಿಗನ ಮಗನಿಗೂ ಸಣ್ಣ ಅಂಗಡಿಕಾರನ ಮಗನಿಗೂ ಇಂಥ ಶಾಲೆಯು ಪರದೇಶವಾಗಿ ಕಂಡುದು ಆಶ್ಚರ್ಯವಲ್ಲ. ಅವರು ಊರ ಅಯ್ಯನವರ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದ್ದೇ ವಿದ್ಯೆ.

1854ರ ವುಡ್ ಸಾಹೇಬರ ಖಲೀತೆಯು ದೇಶಭಾಷೆಗಳ ಮೂಲಕ ಜನಸಾಮಾನ್ಯರಿಗೆ ವಿದ್ಯೆಯನ್ನು ಮುಟ್ಟಿಸಬೇಕೆಂದಿತು. ಮರುವರುಷವೇ ಮುಂಬಯಿಯಲ್ಲಿ ವಿದ್ಯಾಖಾತೆಯು ಸ್ಥಾಪಿತವಾಯಿತು. ಅಪ್ಪಣೆಯು ಬಂದಿತೆಂದರೆ ಕಾರ್ಯವು ಆಯಿತೆಂದಲ್ಲ. ಕಾಗದದ ಮೇಲಿನ ಮಾತನ್ನು ಹಳ್ಳಿಯ ಚಾವಡಿಗೆ ತಲುಪಿಸುವವನೊಬ್ಬನು ಬೇಕಾಗಿದ್ದನು.

ಚನ್ನಬಸಪ್ಪನವರು 1834ರಲ್ಲಿ ಧಾರವಾಡದಲ್ಲಿ ಜನಿಸಿದರು. ಲಿಂಗಾಯತರಲ್ಲಿ ಇಂಗ್ಲಿಷ್ ವಿದ್ಯೆಯು ಅತಿ ವಿರಳವಾಗಿದ್ದ ಆ ದಿನಗಳಲ್ಲಿ ಪುಣೆಗೆ ಹೋಗಿ ಕಲಿತು ಬಂದು ವಿದ್ಯಾಖಾತೆಯ ಸೇವೆಗೆ ನಿಂತರು. 1861ರ ಸುಮಾರಿಗೆ ಧಾರವಾಡದ ನಾರ್ಮಲ್ ಸ್ಕೂಲಿನ, ಎಂದರೆ ಶಿಕ್ಷಕರನ್ನು ತಯಾರಿಸುವ ಶಾಲೆಯ, ಮುಖ್ಯರಾದರು. ಮುಂದೆ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾದರು. ಆ ಹುದ್ದೆಯ ಮೊದಲ ಪದವು ಅವರ ಹೆಸರಿಗೆ ಎಂಥ ಗಟ್ಟಿಯಾಗಿ ಅಂಟಿತೆಂದರೆ, ಆಮೇಲೆ ಎಷ್ಟೋ ಮಂದಿ ಡೆಪ್ಯುಟಿಗಳು ಬಂದು ಹೋದರೂ ಕನ್ನಡಿಗರ ನೆನಪಿನಲ್ಲಿ ಡೆಪ್ಯುಟಿಯೆಂದರೆ ಅವರೊಬ್ಬರೇ.

ಇನ್‌ಸ್ಪೆಕ್ಟರನ ಕೆಲಸವು ಶಾಲೆಗಳನ್ನು ನೋಡುವದು, ಮಕ್ಕಳನ್ನು ಎಣಿಸುವದು, ವರದಿಯನ್ನು ಬರೆದು ಮೇಲಕ್ಕೆ ಕಳುಹಿಸುವದು. ಇಷ್ಟನ್ನೇ ಪ್ರಾಮಾಣಿಕವಾಗಿ ಮಾಡಿದ್ದರೆ ಅವರು ಒಳ್ಳೆಯ ನೌಕರರೆನಿಸಿ ಪೆನ್ಶನ್ ಪಡೆಯಬಹುದಾಗಿತ್ತು. ಅವರು ಮಾಡಿದ್ದು ಬೇರೆ. ಕನ್ನಡ ಶಾಲೆಯನ್ನು ತೆರೆಯಬೇಕಾದರೆ ಕನ್ನಡ ಬಲ್ಲ ಶಿಕ್ಷಕನು ಬೇಕು. ಶಿಕ್ಷಕನ ಕೈಗೆ ಪುಸ್ತಕ ಬೇಕು. ಪುಸ್ತಕವಾಗಬೇಕಾದರೆ ಬರೆಯುವವನು ಬೇಕು. ಬರೆಯುವವನಿಗೆ ಬರೆದುದನ್ನು ಓದುವ ಒಂದು ಸಮೂಹವು ಬೇಕು. ಈ ಸರಪಳಿಯ ಒಂದು ಕೊಂಡಿಯು ತಪ್ಪಿದರೂ ಉಳಿದವು ವ್ಯರ್ಥ. ಅದನ್ನು ಕಂಡು, ಎಲ್ಲ ಕೊಂಡಿಗಳಿಗೂ ಏಕಕಾಲಕ್ಕೆ ಕೈಹಾಕಿದ್ದೇ ಅವರ ಹೆಚ್ಚುಗಾರಿಕೆ.

ನಾರ್ಮಲ್ ಸ್ಕೂಲಿನಿಂದ ಹೊರಟ ಶಿಕ್ಷಕರು ಹಳ್ಳಿ ಸೇರಿದ ಮೇಲೆ ಒಬ್ಬಂಟಿಗರು. ಕಲಿತದ್ದು ಮಾಸುವದು, ಹೊಸದನ್ನು ಹೇಳುವವರಿಲ್ಲ, ಒಬ್ಬನು ಕಂಡುಕೊಂಡ ಒಳ್ಳೆಯ ಬೋಧನಕ್ರಮವು ಪಕ್ಕದೂರಿಗೂ ತಿಳಿಯದು. ಇದಕ್ಕೆ ಮದ್ದಾಗಿ 1865ರಲ್ಲಿ ‘ಮಠಪತ್ರಿಕೆ’ಯು ಹೊರಟಿತು. ಇಲ್ಲಿ ಮಠವೆಂದರೆ ಶಾಲೆ. ಅಯ್ಯನವರ ಮಠದಲ್ಲಿ ಓದಿದ ಜನಕ್ಕೆ ಆ ಹೆಸರೇ ಆಪ್ತವಾಗಿತ್ತು. ‘ಸ್ಕೂಲು’ ಎಂದಾಗಲಿ ‘ವಿದ್ಯಾಲಯ’ವೆಂದಾಗಲಿ ಹೆಸರಿಡದೆ ಜನರ ಬಾಯಲ್ಲಿದ್ದ ಮಾತನ್ನೇ ಎತ್ತಿಕೊಂಡುದರಲ್ಲಿಯೂ ಆ ಪತ್ರಿಕೆಯ ಜಾಣ್ಮೆಯಿದೆ. ಮುಂದೆ ಅದು ‘ಕನ್ನಡ ಶಾಲಾಪತ್ರಿಕೆ’ಯಾಯಿತು, ಇನ್ನೂ ಮುಂದೆ ‘ಜೀವನ ಶಿಕ್ಷಣ’ವಾಯಿತು. ಸರಕಾರದ ಸುತ್ತೋಲೆಯು ಮೇಲಿನಿಂದ ಕೆಳಗೆ ಹರಿಯುವದು. ಪತ್ರಿಕೆಯು ಒಬ್ಬ ಶಿಕ್ಷಕನಿಂದ ಇನ್ನೊಬ್ಬ ಶಿಕ್ಷಕನಿಗೆ ಅಡ್ಡವಾಗಿ ಹರಿಯುವದು. ವಿದ್ಯೆಯನ್ನು ಕಲಿಸುವ ಖಾತೆಯು ತಾನೂ ಕಲಿಯಲಾರಂಭಿಸಿದ್ದು ಹೀಗೆ.

ಪುಸ್ತಕಗಳ ವಿಷಯದಲ್ಲಿ ಚನ್ನಬಸಪ್ಪನವರು ಇತರರಿಗೆ ಹೇಳಿ ತಾವು ಸುಮ್ಮನೆ ಕೂಡಲಿಲ್ಲ. ಶೇಕ್ಸಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯೆಂದು 1871ರಲ್ಲಿ ಕನ್ನಡಕ್ಕೆ ತಂದರು. ಶೇಕ್ಸಪಿಯರನು ಕನ್ನಡಕ್ಕೆ ಬಂದ ಮೊದಮೊದಲ ಹೆಜ್ಜೆಗಳಲ್ಲಿ ಇದೊಂದು. ಅವರ ಸುತ್ತಲಿನವರಲ್ಲಿ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ‘ಕಾದಂಬರಿ’ಯನ್ನು ಕನ್ನಡ ಗದ್ಯಕ್ಕೆ ಇಳಿಸಿದರು, ವೆಂಕಟ ರಂಗೋ ಕಟ್ಟಿಯವರು ಶಾಲೆಗೆ ಬೇಕಾದ ಬರವಣಿಗೆಯಲ್ಲಿ ಜೀವವನ್ನೇ ಸವೆಸಿದರು. ಲಿಂಗಾಯತರೂ ಬ್ರಾಹ್ಮಣರೂ ಹೆಗಲೆಣೆಯಾಗಿ ದುಡಿದ ಈ ಕೂಟವನ್ನು ಇಂದಿನವರು ಗಮನಿಸಬೇಕು.

ಇಂಥ ಸ್ವಯಂಪ್ರೇರಣೆಯು ಎಲ್ಲ ಕಚೇರಿಗಳಲ್ಲಿಯೂ ಫಲಿಸದು. ಮೇಲಧಿಕಾರಿಯು ಸಂಶಯಗ್ರಸ್ತನಾದರೆ ಚುರುಕಿನ ನೌಕರನಿಗೆ ಅಧಿಕಪ್ರಸಂಗಿಯೆಂಬ ಬಿರುದು ಬರುವದು. ದಕ್ಷಿಣ ಭಾಗದ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಹಾಗೆ ಮಾಡಲಿಲ್ಲ. ಕನ್ನಡ ಮಕ್ಕಳಿಗೆ ಕನ್ನಡವೇ ತಕ್ಕುದೆಂಬ ತಮ್ಮ ಕೈಕೆಳಗಿನವರ ಮಾತನ್ನು ಅವರು ಕಿವಿಗೊಟ್ಟು ಕೇಳಿ, ಸರಕಾರದ ಬಲವನ್ನು ಅದರ ಬೆನ್ನಿಗಿಟ್ಟರು. ಯತ್ನವು ಚನ್ನಬಸಪ್ಪನವರದು, ಎಡೆಯು ರಸೆಲರದು. ಇವೆರಡರಲ್ಲಿ ಒಂದು ಇಲ್ಲದಿದ್ದರೆ ಬೆಳಗಾಂವಿ ಸೀಮೆಯಲ್ಲಿ ಕನ್ನಡ ಶಾಲೆಗಳು ತಲೆಯೆತ್ತುತ್ತಿದ್ದವೆಂದು ಹೇಳುವದು ಕಷ್ಟ.

1881ರ ಜನವರಿಯಲ್ಲಿ ಚನ್ನಬಸಪ್ಪನವರು ಲಿಂಗೈಕ್ಯರಾದರು. ಇನ್ನೂ ಐವತ್ತು ತುಂಬಿರಲಿಲ್ಲ. ಒಬ್ಬ ಸಮರ್ಥನ ಮರಣದೊಡನೆ ಅವನ ಕಾರ್ಯವೂ ಮುಗಿಯುವದನ್ನು ಎಷ್ಟೋ ಸಂಸ್ಥೆಗಳಲ್ಲಿ ಕಾಣುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಶಿಕ್ಷಕರ ಶಾಲೆಯು ನಡೆಯಿತು, ಪತ್ರಿಕೆಯು ಉಳಿಯಿತು. ಎರಡೇ ವರುಷಗಳಲ್ಲಿ, 1883ರಲ್ಲಿ, ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮುಂತಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1893ರಲ್ಲಿ ಕಟ್ಟಿಯವರು ಮುಂಬಯಿ ಇಲಾಖೆಯ ಕನ್ನಡ ಸೀಮೆಯ ಗ್ಯಾಝೆಟಿಯರನ್ನು ಕನ್ನಡದಲ್ಲಿಯೇ ಹೊರತಂದರು. 1916ರಲ್ಲಿ ಬಸವನಾಳರು, ಸಾಖರೆಯವರು, ಹಂಚಿನಾಳರು, ಮಮದಾಪೂರರು ಮೊದಲಾದ ತರುಣರು ಬೆಳಗಾಂವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿ, ಅದರ ಶಾಲೆಯಲ್ಲಿ ಶಿಕ್ಷಕರಾಗಿ ತಾವೇ ನಿಂತರು. ಆ ಶಾಲೆಗೆ ಗಿಲಗಂಚಿ, ಅರಟಾಳ ಎಂಬ ಇಬ್ಬರು ಹಿರಿಯರ ಹೆಸರುಗಳು ಸೇರಿದವು.