ಬಬ್ರುವಾಹನನ ಮಾಸ್ಕ್ ಯಾರ ಕೈಯದು? ಒಂದು ತಪ್ಪು ಓದಿನ ಪರಿಶೀಲನೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ ಇವತ್ತು ‘ಮಾಸ್ಕ್’ ಎಂದರೆ ಎಡಿಟರ್‌ನ ಕೆಲಸ. “ಆ ಲೈಟಿನ ಕಂಬ ಕಾಣದಂಗ ಮಾಡ್ರಿ” ಎಂದು ಬೀಗರು ಹೇಳಿದರೆ ಸಾಕು. ಆತ ಎಡಿಯಸ್‌ನಲ್ಲೋ ಪ್ರೀಮಿಯರ್‌ನಲ್ಲೋ ಕಂಬದ ಸುತ್ತ ಗೆರೆ ಎಳೆದು, ಅಂಚಿಗೆ ಫೆದರ್ ಕೊಟ್ಟು, ಕ್ಯಾಮೆರಾ ಅಲುಗಿದಲ್ಲಿ ಕೀ-ಫ್ರೇಮ್ ಹಾಕಿ ಮರೆಸುತ್ತಾನೆ. ಈ ರೂಢಿಯನ್ನೇ ಹಿಂದಿನ ಕಾಲಕ್ಕೂ ಹೊದಿಸಿ, ನಮ್ಮ ಭಾಗದ ಹಿರಿಯ ಲೇಖಕರೊಬ್ಬರು ಎರಡು ತೀರ್ಮಾನ ಕೊಟ್ಟಿದ್ದಾರೆ. ಚಿತ್ರದ ಮಾಸ್ಕ್‌ಗೆ ಬಯಲಾಟದ ತೆರೆಯೇ ಮೂಲ ಎಂಬುದು ಒಂದು. 1977ರ ‘ಬಬ್ರುವಾಹನ’ದಲ್ಲಿ ಇಬ್ಬರು ರಾಜ್‌ಕುಮಾರ್ ಎದುರುಬದುರಾಗುವುದು ಸಂಕಲನದ ಮೇಜಿನ ಕೈಚಳಕ ಎಂಬುದು ಇನ್ನೊಂದು. ಅವರ ಜಾನಪದ ಕ್ಷೇತ್ರಕಾರ್ಯಕ್ಕೆ ನಾನೂ ಋಣಿ. ಹಾಗೆಂದು ಈ ಎರಡು ಮಾತನ್ನು ಬಿಟ್ಟುಕೊಡಲಾರೆ.

ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಡ. ಶ್ರೀಕೃಷ್ಣ ಪಾರಿಜಾತದ ಆಟವನ್ನು ಈ ಸೀಮೆಯಲ್ಲಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರಿನವರಿಗೆ, ಅದೇ ಆಟದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಕೇಳಿ ಬೆಳೆದವರಿಗೆ, ಎಲ್ಲವೂ ಆಟದಿಂದಲೇ ಬಂತು ಎನ್ನುವ ಆಸೆ ಸಹಜ. ಆದರೆ ಇಬ್ಬರು ಹಿಡಿದ ತೆರೆಯ ಹಿಂದೆ ಪಾತ್ರಧಾರಿ ಆ ಕ್ಷಣದಲ್ಲಿಯೇ ನಿಂತಿರುತ್ತಾನೆ; ತೆರೆ ಸರಿದರೆ ಕಾಣುತ್ತಾನೆ. ಮಾಸ್ಕ್ ಮಾಡುವ ಕೆಲಸ ಬೇರೆ: ಬೆಳಗ್ಗೆ ತೆಗೆದ ಅರ್ಧ ಚಿತ್ರವನ್ನು ಮಧ್ಯಾಹ್ನ ತೆಗೆದ ಅರ್ಧಕ್ಕೆ ಕೂಡಿಸುತ್ತದೆ. ಆ ವಂಶಾವಳಿ ಬೇಕಾದವರು ಪ್ಯಾರಿಸಿನ ಮೆಲಿಯೆಸ್‌ನತ್ತ ನೋಡಬೇಕು. 1898ರಲ್ಲಿ ಆತ ಕಪ್ಪು ಹಿನ್ನೆಲೆ ಇಟ್ಟು, ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸಿ, ತನ್ನದೇ ತಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. 1903ರಲ್ಲಿ ಎಡ್ವಿನ್ ಪೋರ್ಟರ್ ‘ದಿ ಗ್ರೇಟ್ ಟ್ರೇನ್ ರಾಬರಿ’ಯ ನಿಲ್ದಾಣದ ಕಿಟಕಿಯಲ್ಲಿ ರೈಲು ಓಡಿಸಿದ್ದೂ ಹೀಗೆಯೇ: ಕಿಟಕಿಯ ಜಾಗವನ್ನು ಬೆಳಕು ಕಾಣದಂತೆ ಉಳಿಸಿಕೊಂಡು, ಆಮೇಲೆ ಅಲ್ಲಿ ರೈಲನ್ನು ತುಂಬಿದ.

ಎರಡನೆಯ ತೀರ್ಮಾನವೇ ನಿಜವಾದ ತಂಟೆ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಬಬ್ರುವಾಹನ’ದ ಛಾಯಾಗ್ರಾಹಕರು ಎಸ್.ವಿ. ಶ್ರೀಕಾಂತ್. ಅರ್ಜುನ, ಬಬ್ರುವಾಹನ (ಎರಡೂ ರಾಜ್‌ಕುಮಾರರೇ) ಹಾಡಿನಲ್ಲೇ ಜಗಳಕ್ಕೆ ನಿಲ್ಲುವ ಭಾಗವನ್ನು ಸಾಕ್ಷಿಯಾಗಿ ತೆಗೆದುಕೊಳ್ಳೋಣ. ಇಲ್ಲಿ ಎರಡು ಬಗೆಯ ಶಾಟ್‌ಗಳನ್ನು ಬೇರ್ಪಡಿಸದೆ ವಾದಿಸಿದ್ದರಿಂದಲೇ ಗೊಂದಲ ಹುಟ್ಟಿದೆ. ಒಬ್ಬನ ಮುಖ, ಇನ್ನೊಬ್ಬನ ಭುಜ ಅಥವಾ ಬೆನ್ನು ಕಂಡರೆ ಅಲ್ಲಿ ಮಾಸ್ಕ್ ಬೇಕಿಲ್ಲ, ಡ್ಯೂಪ್ ಸಾಕು. ಅಂಥ ತುಣುಕುಗಳನ್ನು ಪೋಣಿಸುವುದು ಸಂಕಲನಕಾರರ ಕೆಲಸ, ಅದರ ಕೀರ್ತಿ ಅವರಿಗೇ ಸಲ್ಲಲಿ. ಎರಡೂ ಮುಖ ಒಂದೇ ಚೌಕಟ್ಟಿನಲ್ಲಿ ಕಾಣುವ ಶಾಟ್‌ನಲ್ಲಿ ಮಾತ್ರ ಮಾಸ್ಕ್‌ನ ಪ್ರಶ್ನೆ ಏಳುತ್ತದೆ.

ಅದರ ವಿಧಾನ ಹೀಗೆ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಚೌಕಟ್ಟಿನ ಒಂದು ಅರ್ಧವನ್ನು ಕಪ್ಪು ತಗಡಿನಿಂದ ಮುಚ್ಚಿ ನಟನ ಒಂದು ಪಾತ್ರವನ್ನು ಚಿತ್ರೀಕರಿಸುತ್ತಾರೆ. ಫಿಲ್ಮನ್ನು ಅದೇ ಫ್ರೇಮಿಗೆ ಹಿಂದಕ್ಕೆ ಸುತ್ತಿ, ಮುಚ್ಚಿದ್ದ ಅರ್ಧ ತೆರೆದು, ತೆರೆದಿದ್ದ ಅರ್ಧ ಮುಚ್ಚಿ, ವೇಷ ಬದಲಿಸಿದ ಅದೇ ನಟನನ್ನು ಮತ್ತೊಮ್ಮೆ ಚಿತ್ರೀಕರಿಸುತ್ತಾರೆ. ಸೆಕೆಂಡಿಗೆ 24 ಫ್ರೇಮ್, 35 ಎಂ.ಎಂ. ಫಿಲ್ಮಿನ ಅಡಿಗೆ 16 ಫ್ರೇಮ್. ಅಂದರೆ ಅರ್ಧ ನಿಮಿಷದ ಶಾಟ್‌ಗೆ 720 ಫ್ರೇಮ್, 45 ಅಡಿ. ಎಣಿಕೆ ತಪ್ಪಿದರೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದೀತು. ಇಬ್ಬರಲ್ಲಿ ಒಬ್ಬನ ಕೈ ನಡುಗೆರೆ ದಾಟಿದರೂ ಬೆರಳು ಕತ್ತರಿಸಿದಂತೆ ಮಾಯವಾಗುತ್ತದೆ. ನೆರಳಿಗೂ ಇದೇ ಕಟ್ಟುಪಾಡು.

ಇಲ್ಲಿಯೇ ಹಾಡಿನ ಮಹತ್ವ. ನಮ್ಮ ಚಿತ್ರಲೇಖಕರು ಆ ಹಾಡನ್ನು ಸಾಹಿತ್ಯಕ್ಕಾಗಿ, ಗಾಯನಕ್ಕಾಗಿ ಹೊಗಳಿದ್ದಾರೆ. ತಾಂತ್ರಿಕ ಸಾಕ್ಷಿಯಾಗಿ ಓದಿಲ್ಲ. ಮೊದಲೇ ಧ್ವನಿಮುದ್ರಿತವಾದ ಹಾಡು ಸೆಟ್ಟಿನಲ್ಲಿ ಎರಡು ಸಲವೂ ಅದೇ ವೇಗದಲ್ಲಿ ನುಡಿಯುತ್ತದೆ. ಎದುರಿನಲ್ಲಿ ಯಾರೂ ಇಲ್ಲದಿದ್ದರೂ ನಟನಿಗೆ ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೆರಳಬೇಕು ಎಂಬುದನ್ನು ತಾಳವೇ ತಿಳಿಸುತ್ತದೆ. ಬರೀ ಮಾತಿನ ಜಗಳವಾಗಿದ್ದರೆ ಈ ಆಸರೆ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಮುಖಾಮುಖಿಯನ್ನು ಹಾಡಿಗೆ ಒಪ್ಪಿಸಿದ್ದು ಪೌರಾಣಿಕ ನಾಟಕದ ರೂಢಿಯಿಂದ ಮಾತ್ರವಲ್ಲ, ಮಾಸ್ಕ್‌ನ ಅನುಕೂಲದಿಂದಲೂ ಇರಬಹುದು ಎಂಬುದು ನನ್ನ ಊಹೆ. ಇದನ್ನು ಊಹೆಯೆಂದೇ ಓದಬೇಕು.

ಒಂದು ಆಕ್ಷೇಪ ನ್ಯಾಯವಾದದ್ದು. ಎರಡು ನೆಗೆಟಿವ್‌ಗಳನ್ನು ಬೇರೆಬೇರೆ ತೆಗೆದು, ಲ್ಯಾಬಿನ ಆಪ್ಟಿಕಲ್ ಪ್ರಿಂಟರ್‌ನಲ್ಲಿ ಕೂಡಿಸಬಹುದಲ್ಲ? ಕೂಡಿಸಬಹುದು. ಆಗ ನಕಲಿನ ನಕಲಾಗಿ ಗ್ರೇನ್ ಹೆಚ್ಚುತ್ತದೆ, ಬಣ್ಣ ಗಡುಸಾಗುತ್ತದೆ. ಆದರೆ ಟಿ.ವಿ.ಯಲ್ಲಿ, ವಿ.ಸಿ.ಡಿ.ಯಲ್ಲಿ ಹಿಂಡಿ ಹಿಪ್ಪೆಯಾದ ಪ್ರತಿ ನೋಡಿ ಗ್ರೇನ್ ಬಗ್ಗೆ ತೀರ್ಪು ಕೊಡುವ ಮಿತ್ರರ ಧೈರ್ಯಕ್ಕೆ ನಮಸ್ಕಾರ. ಲ್ಯಾಬ್ ಎಂದೇ ಒಪ್ಪಿಕೊಂಡರೂ ಹಿರಿಯರ ವಾದ ನಿಲ್ಲುವುದಿಲ್ಲ: ಸಂಕಲನಕಾರರ ಕೈಗೆ ಬರುವುದು ಆಗಲೇ ಕೂಡಿದ ಒಂದೇ ಫಿಲ್ಮ್. ಅವರು ಅದನ್ನು ಉದ್ದ ಗಿಡ್ಡ ಮಾಡಬಲ್ಲರು. ಎಡದ ರಾಜ್‌ಕುಮಾರರನ್ನು ಉಳಿಸಿ ಬಲದವರನ್ನು ಬದಲಿಸಲಾರರು.

(ಇಂಥ ದ್ವಿಪಾತ್ರ ‘ಭಾರತದಲ್ಲೇ ಮೊದಲು’ ಎಂಬ ಅಭಿಮಾನದ ಮಾತನ್ನೂ ಇಲ್ಲಿಯೇ ಮುಗಿಸಬಹುದು. 1917ರ ಫಾಲ್ಕೆ ಚಿತ್ರ ‘ಲಂಕಾ ದಹನ’ದಲ್ಲಿ ನಟ ಸಾಳುಂಕೆ ರಾಮನೂ ಆಗಿದ್ದ, ಸೀತೆಯೂ ಆಗಿದ್ದ. ರಾಜ್‌ಕುಮಾರ್ ಅವರೇ 1963ರ ‘ಸತಿ ಶಕ್ತಿ’ಯಲ್ಲಿ ದ್ವಿಪಾತ್ರ ಮಾಡಿದ್ದರು. ಶ್ರೀಕಾಂತರ ಹಿರಿಮೆಗೆ ಸುಳ್ಳು ದಾಖಲೆಯ ಹಂಗು ಬೇಡ.)

ಮಾಸ್ಕ್ ಎಡಿಟರ್‌ನ ಕೈಗೆ ಬರಲು ಚಿತ್ರವನ್ನು ಒಂದರ ಮೇಲೊಂದು ಇಡುವ ಪದರಗಳು ಬೇಕಿದ್ದವು. 1977-78ರ ಸುಮಾರಿಗೆ, ಅಂದರೆ ‘ಬಬ್ರುವಾಹನ’ ತೆರೆ ಕಂಡ ಹೊತ್ತಿಗೇ, ನ್ಯೂಯಾರ್ಕ್‌ನಲ್ಲಿ ಆಲ್ವಿ ರೇ ಸ್ಮಿತ್, ಎಡ್ ಕ್ಯಾಟ್‌ಮಲ್ ಸೇರಿ ಕಂಪ್ಯೂಟರ್ ಚಿತ್ರದ ಪ್ರತಿ ಬಿಂದುವಿಗೂ ಬಣ್ಣದ ಜೊತೆ ‘ಎಷ್ಟು ಕಾಣಬೇಕು’ ಎಂಬ ಅಳತೆಯನ್ನೂ ಇಟ್ಟರು. ಅದೇ ಆಲ್ಫಾ ಚಾನೆಲ್. ಪದರಗಳನ್ನು ಕೂಡಿಸುವ ಲೆಕ್ಕವನ್ನು 1984ರಲ್ಲಿ ಥಾಮಸ್ ಪೋರ್ಟರ್, ಟಾಮ್ ಡಫ್ ಬರೆದರು. ಅಲ್ಲಿಂದ ಮುಂದೆ ಮರೆಸಿದ್ದು ಅಳಿಯದೆ ಕೆಳಗೇ ಉಳಿಯತೊಡಗಿತು. ಗೆರೆ ತಪ್ಪಿದರೆ ಮತ್ತೆ ಎಳೆಯಬಹುದಾಯಿತು. ಶ್ರೀಕಾಂತರಿಗೆ ಇಲ್ಲದಿದ್ದ ಈ ಸವಲತ್ತನ್ನು ಅವರ ಕಾಲದ ಮೇಜಿನ ಮೇಲೆ ಕಲ್ಪಿಸಿಕೊಂಡದ್ದೇ ಹಿರಿಯರ ತಪ್ಪು.

ಆದರೆ ಇವತ್ತಿನ ಮದುವೆ ಸ್ಟುಡಿಯೊದಲ್ಲೂ ಪದರ ಉಳಿಯುವುದು ಪ್ರಾಜೆಕ್ಟ್ ಫೈಲಿನಲ್ಲಿ ಮಾತ್ರ. ಗಿರಾಕಿಯ ಪೆನ್‌ಡ್ರೈವ್‌ಗೆ ಹೋಗುವ ವಿಡಿಯೊದಲ್ಲಿ ಎಲ್ಲ ಪದರವೂ ಒಂದಾಗಿರುತ್ತದೆ. ಮುಂದಿನ ಲಗ್ನದ ಸೀಸನ್‌ಗೆ ಜಾಗ ಬೇಕೆಂದು ಹಾರ್ಡ್‌ಡಿಸ್ಕ್ ಖಾಲಿ ಮಾಡಿದರೆ ಯಾವ ಕಂಬ ಎಲ್ಲಿತ್ತು ಎಂಬ ದಾಖಲೆ ಹೋಯಿತು. ಹುಕ್ಕೇರಿ, ಗೋಕಾಕ ಕಡೆಯ ಮದುವೆ ವಿಡಿಯೊಗಳನ್ನು ಸಾಮಾಜಿಕ ಇತಿಹಾಸದ ಆಕರವೆಂದು ಕೂಡಿಹಾಕುವ ಕಿರಿಯ ಸಂಶೋಧಕರು ಸ್ಟುಡಿಯೊದವರಿಂದ ವಿಡಿಯೊ ಜೊತೆಗೆ ಮೂಲ ಕ್ಲಿಪ್‌ಗಳನ್ನೂ ಪ್ರಾಜೆಕ್ಟ್ ಫೈಲನ್ನೂ ಕೇಳಿ ಪಡೆಯಬೇಕು.