ಇಂದಿರಾಬಾಯಿಯೂ ಅವಳ ತಂಗಿಯರೂ

ಕನ್ನಡದಲ್ಲಿ ಸ್ವತಂತ್ರವಾಗಿ ರಚಿತವಾದ ಮೊದಲ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಗಣಿಸುವ ‘ಇಂದಿರಾಬಾಯಿ’ಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಇದರ ಕರ್ತೃಗಳಾದ ಗುಲ್ವಾಡಿ ವೆಂಕಟರಾಯರು (1844–1913) ಪೋಲೀಸು ಇಲಾಖೆಯ ಅಧಿಕಾರಿಗಳು. ಗ್ರಂಥಕ್ಕೆ ಅವರು ‘ಸದ್ಧರ್ಮ ವಿಜಯವು’ ಎಂಬ ಇನ್ನೊಂದು ಹೆಸರನ್ನೂ ಇಟ್ಟಿದ್ದರು. ಉಡುಪಿ, ಕಾಪು, ಕಾರ್ಕಳಗಳು ಆಗ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ, ಇದು ಈ ಸೀಮೆಯ ಮನೆಮಾತಿನ ಕಥೆಯೂ ಹೌದು.

ಇಂದಿರೆಯು ಧನಿಕನಾದ ಭೀಮರಾಯನ ಮಗಳು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಆಕೆಯನ್ನು ತಂದೆತಾಯಿಗಳು ಕಪಟ ಸಂತರ ಸೇವೆಗೆ ಕಟ್ಟಿಹಾಕಬಯಸುತ್ತಾರೆ. ಆಕೆ ಮನೆಯನ್ನು ತೊರೆದು ಅಮೃತರಾಯನ ಆಶ್ರಯವನ್ನು ಸೇರಿ ವಿದ್ಯೆ ಕಲಿತು, ಇಂಗ್ಲೆಂಡಿಗೆ ಹೋಗಿ ಬಂದ ಭಾಸ್ಕರನನ್ನು ವರಿಸುತ್ತಾಳೆ. ವಿಧವಾವಿವಾಹಕ್ಕೆ ಕಾಯಿದೆಯ ಮನ್ನಣೆ 1856ರಲ್ಲಿಯೇ ದೊರೆತಿದ್ದರೂ ಜಾತಿಯ ಮನ್ನಣೆ ದೊರೆತಿರಲಿಲ್ಲ. ಸಮುದ್ರಯಾನ ಮಾಡಿದವನಿಗೆ ಬಹಿಷ್ಕಾರವು ಕಾದಿತ್ತು. ಈ ಎರಡು ನಿಷೇಧಗಳನ್ನೂ ಒಂದೇ ವಿವಾಹದಲ್ಲಿ ಮುರಿದುದು ಗ್ರಂಥಕರ್ತರ ಧೈರ್ಯಕ್ಕೆ ಸಾಕ್ಷಿ.

ಅದೇ ಕಾಲದಲ್ಲಿ ಕಾರ್ಕಳದ ಬಳಿಯ ನಂದಳಿಕೆಯವನಾಗಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಮುದ್ದಣನು (1870–1901) ‘ರಾಮಾಶ್ವಮೇಧ’ವನ್ನು ಹಳಗನ್ನಡ ಗದ್ಯದಲ್ಲಿ ಬರೆದನು. ಅಲ್ಲಿ ಮನೋರಮೆಯು ಕಥೆಯನ್ನು ಕೇಳುತ್ತ ನಡುನಡುವೆ ಕವಿಯನ್ನು ಕೆಣಕುತ್ತಾಳೆ. ಇಲ್ಲಿ ಇಂದಿರೆಯು ತಾನೇ ಕಥೆಯಾಗುತ್ತಾಳೆ. ಒಂದೇ ಜಿಲ್ಲೆಯ ಇಬ್ಬರು ಲೇಖಕರು ಹೀಗೆ ಹಳೆಯ ಕಥೆಗೂ ಹೊಸ ಕಥೆಗೂ ಸ್ತ್ರೀಯೊಬ್ಬಳ ದನಿಯನ್ನು ಬೆರೆಸಿದರು.

ಇಂದಿರೆಗೆ ಬೇಗನೆ ತಂಗಿಯರು ಹುಟ್ಟಿದರು. ವೆಂಕಟರಾಯರ ‘ಭಾಗೀರಥಿ’, ಬೋಳಾರ ಬಾಬುರಾಯರ ‘ವಾಗ್ದೇವಿ’ (1905), ಗುಲ್ವಾಡಿ ಅಣ್ಣಾಜಿರಾಯರ ‘ರೋಹಿಣಿ’ (1906) ಎಂಬಿವು ಕರಾವಳಿಯಲ್ಲಿಯೇ ಬೆಳೆದವು. ಇವೆಲ್ಲಕ್ಕೂ ನಾಯಿಕೆಯ ಹೆಸರೇ ಹೆಸರು. ಭಾಗ್ಯ ಮಾತ್ರ ಒಂದೇ ಅಲ್ಲ. ವಾಗ್ದೇವಿಯ ಕಥೆಯಲ್ಲಿ ಮಠದ ಒಳಗಿನ ಅನಾಚಾರವೇ ವಿಚಾರಣೆಗೆ ಬರುತ್ತದೆ. ಆದರೆ ಇವೆಲ್ಲವೂ ಪುರುಷರ ಲೇಖನಿಯಿಂದ ಬಂದ ಹೆಣ್ಣುಮಕ್ಕಳು. 1908ರಲ್ಲಿ ಶಾಂತಾಬಾಯಿ ನೀಲಗಾರರ ‘ಸದ್ಗುಣೀ ಕೃಷ್ಣಾಬಾಯಿ’ ಬಂದಾಗ ಲೇಖನಿಯೂ ಸ್ತ್ರೀಯ ಕೈಗೆ ಸೇರಿತು.

ಮೂಲ ಗ್ರಂಥದ ಬಾಳೂ ಸ್ವಾರಸ್ಯವುಳ್ಳದ್ದು. ಪ್ರಕಟವಾಗಿ ನಾಲ್ಕು ವರ್ಷಗಳೊಳಗೆ, 1903ರಲ್ಲಿ, ಜಿಲ್ಲೆಯ ಕಲೆಕ್ಟರರಾಗಿದ್ದ ಕೌಚ್‌ಮನ್ ಎಂಬವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಹೊರಗಿನಿಂದ ಬಂದ ಅಧಿಕಾರಿಯೊಬ್ಬನು ಆಳುವ ಜನರ ಮನೆಯೊಳಗನ್ನು ಕಾದಂಬರಿಯ ಬಾಗಿಲಿನಿಂದ ನೋಡಿದಂತಾಯಿತು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 2019ರಲ್ಲಿ, ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಇವರು ಅದನ್ನು ಮತ್ತೆ ಇಂಗ್ಲಿಷಿಗೆ ತಂದರು. ಆಕ್ಸ್‌ಫರ್ಡ್ ಮುದ್ರಣಾಲಯವು ಪ್ರಕಟಿಸಿತು. ಈ ಸಲ ಭಾಷಾಂತರಿಸಿದವರು ಕನ್ನಡದ ಒಳಗಿನವರು. ಮೂಲವು ಒಂದೇ, ನೋಡುವ ಕಣ್ಣು ಬೇರೆ.

ಒಂದು ಗ್ರಂಥವನ್ನು ಎರಡು ಕಾಲದವರು ಎರಡು ಸಾರಿ ತಿರುಗಿಸಿದರೆಂದರೆ, ಅದರೊಳಗಿನ ಪ್ರಶ್ನೆಯು ಮುಗಿದಿಲ್ಲವೆಂದೇ ತಿಳಿಯಬೇಕು. ಹುಡುಗಿಯೊಬ್ಬಳು ಓದಬೇಕೆ, ತನ್ನ ಬಾಳನ್ನು ತಾನೇ ಆರಿಸಿಕೊಳ್ಳಬೇಕೆ ಎಂಬುದೇ ಆ ಪ್ರಶ್ನೆ. ಗ್ರಂಥಾಲಯಗಳು ಮೂಲವನ್ನೂ ಎರಡು ಭಾಷಾಂತರಗಳನ್ನೂ ಒಂದೇ ಕಪಾಟಿನಲ್ಲಿ ಇರಿಸಿದರೆ, ನಮ್ಮ ನಾಡಿನ ಮನಸ್ಸು ನಡೆದುಬಂದ ದಾರಿಯು ವಾಚಕರಿಗೆ ತಾನಾಗಿ ಕಾಣುವುದು.